ಕಲ್ಲು ಕೇಳುತ್ತದೆ, ರೊಟ್ಟಿ ಕೊಡುತ್ತದೆ

(ಬಾಗಲಕೋಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ವಿಷಯವನ್ನು ನನ್ನ ಆಯ್ಕೆಗೇ ಬಿಟ್ಟಿದ್ದೀರಿ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದವನು ನಾನು. ನನಗೆ ಗೊತ್ತಿರುವುದು ಮೈಯ ವಿಷಯ. ಭಾರ ಎತ್ತಿದರೆ ಮೈಗೆ ಕಸುವು ಹೇಗೆ ಬರುತ್ತದೆ ಎಂಬುದನ್ನು ಇವತ್ತು ಹೇಳುತ್ತೇನೆ. ಅದೇ ಭಾರ ಕೆಲವರ ಕಸುವನ್ನು ಯಾಕೆ ಕಸಿದುಕೊಳ್ಳುತ್ತದೆ ಎಂಬುದನ್ನೂ ಹೇಳಬೇಕಾಗಿದೆ. ಈ ಎರಡನೆಯ ಪ್ರಶ್ನೆ ನನ್ನ ಮನೆಯದು.

ಇಬ್ಬರು ಭಾರ ಎತ್ತಿದರು

ಹುನಗುಂದ ಸೀಮೆಯ ನಮ್ಮೂರಲ್ಲಿ ಹಣಮಪ್ಪನ ಗುಡಿಯ ಮುಂದೆ ಗುಂಡು ಕಲ್ಲುಗಳಿದ್ದವು. ಕಾರಹುಣ್ಣಿಮೆ, ನಾಗರಪಂಚಮಿ ಬಂದರೆ ಹರೆಯದವರು ಅವುಗಳ ಸುತ್ತ ಸೇರುತ್ತಿದ್ದರು. ಗುಂಡನ್ನು ಕಾಲುಗಳ ನಡುವೆ ಇಟ್ಟುಕೊಂಡು, ಎರಡೂ ಕೈ ಕೆಳಗೆ ಹಾಕಿ, ಮೊದಲು ತೊಡೆಗೆ, ಆಮೇಲೆ ಎದೆಗೆ, ಕಡೆಗೆ ಹೆಗಲಿಗೆ ಏರಿಸಿ ಹಿಂದಕ್ಕೆ ಒಗೆಯಬೇಕು. ಸಂಗ್ರಾಣಿ ಕಲ್ಲು, ಗುಂಡು ಕಲ್ಲು, ಜೋಳದ ಚೀಲ ಎತ್ತುವ ಪಂದ್ಯಗಳು ನಮ್ಮ ಕಡೆಯ ಜಾತ್ರೆಗಳಲ್ಲಿ ಇವತ್ತಿಗೂ ನಡೆಯುತ್ತವೆ.

ಆ ಗುಡಿಯ ಮಗ್ಗುಲಿಗೇ ಗರಡಿ. ಅದರ ವಸ್ತಾದ ಮತ್ತು ನನ್ನ ಅಪ್ಪ ಒಂದೇ ವಾರಿಗೆಯವರು. ಇಬ್ಬರೂ ಜೀವನಪೂರ್ತಿ ಭಾರ ಎತ್ತಿದರು. ವಸ್ತಾದ ಗರಡಿಯಲ್ಲಿ ಎತ್ತಿದ. ಅಪ್ಪ ಪೇಟೆಯ ಅಡತಿ ಅಂಗಡಿಯಲ್ಲಿ ಹಮಾಲನಾಗಿ ಎತ್ತಿದ. ಎಪ್ಪತ್ತು ದಾಟಿದ ಮೇಲೂ ವಸ್ತಾದ ತುಂಬಿದ ಕೊಡ ಹೆಗಲಿಗಿಟ್ಟುಕೊಂಡು ನೆಟ್ಟಗೆ ನಡೆಯುತ್ತಿದ್ದ. ನನ್ನ ಅಪ್ಪ ಐವತ್ತೆರಡನೆಯ ವಯಸ್ಸಿಗೆ ನೆಲದಿಂದ ಏಳಲು ಗೋಡೆ ಹಿಡಿಯುತ್ತಿದ್ದ.

ಲೆಕ್ಕ ಹಾಕಿದರೆ ಅಪ್ಪ ಎತ್ತಿದ ಭಾರ ವಸ್ತಾದ ಎತ್ತಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಭಾರದಿಂದಲೇ ಕಸುವು ಬರುವುದಾದರೆ ಅಪ್ಪನೇ ದೊಡ್ಡ ಪೈಲ್ವಾನ ಆಗಬೇಕಿತ್ತು. ಹಾಗೆ ಯಾಕೆ ಆಗಲಿಲ್ಲ? ಹುಡುಗನಿದ್ದಾಗ ವಸ್ತಾದನನ್ನೇ ಕೇಳಿದ್ದೆ. ಕೈಯಲ್ಲಿದ್ದ ಮಣ್ಣು ಝಾಡಿಸಿ ಆತ ಹೇಳಿದ್ದು ಇಷ್ಟು: “ಕಲ್ಲು ಬರೀ ಕೇಳತೈತಿ ತಮ್ಮಾ. ಕೊಡೂದು ರೊಟ್ಟಿ, ನಿದ್ದಿ.” ಆ ಮಾತಿನ ಅರ್ಥ ಪೂರ್ತಿ ತಿಳಿಯಲು ನನಗೆ ಬಹಳ ವರ್ಷ ಬೇಕಾದವು.

ಕಲ್ಲು ಏನು ಕೇಳುತ್ತದೆ

ನಮ್ಮ ಮೈಯಲ್ಲಿ ಆರು ನೂರಕ್ಕೂ ಹೆಚ್ಚು ಸ್ನಾಯುಗಳಿವೆ. ಒಂದೊಂದು ಸ್ನಾಯುವೂ ಸಾವಿರಾರು ಎಳೆಗಳ ಕಟ್ಟು. ಎಳೆಯೊಳಗೆ ಇನ್ನೂ ಸಣ್ಣ ತಂತುಗಳಿವೆ: ತೆಳುವಾದದ್ದು ಆಕ್ಟಿನ್, ದಪ್ಪನೆಯದು ಮಯೋಸಿನ್. ಇಳಕಲ್ಲಿನ ನೇಕಾರರಿಗೆ ಇದು ಬೇಗ ತಿಳಿಯುತ್ತದೆ. ಸೀರೆಯ ಮೈಯ ಹಾಸಿಗೆ ಸೆರಗಿನ ಹಾಸನ್ನು ಅವರು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಮಯೋಸಿನ್ನಿಗೂ ಅಂಥ ಕೊಂಡಿಗಳಿವೆ. ಅವು ಆಕ್ಟಿನ್ನನ್ನು ಹಿಡಿಯುತ್ತವೆ, ಜಗ್ಗುತ್ತವೆ, ಬಿಟ್ಟು ಮುಂದಿನದನ್ನು ಹಿಡಿಯುತ್ತವೆ. ತಂತುಗಳು ತಾವು ಕುಗ್ಗುವುದಿಲ್ಲ, ಒಂದರ ಸಂದಿನಲ್ಲಿ ಇನ್ನೊಂದು ಜಾರಿ ಸೇರಿಕೊಳ್ಳುತ್ತವೆ. ಇಂಗ್ಲೆಂಡಿನ ಆಂಡ್ರ್ಯೂ ಹಕ್ಸ್‌ಲಿ ಮತ್ತು ಹ್ಯೂ ಹಕ್ಸ್‌ಲಿ ಎಂಬ ಇಬ್ಬರು ತಮ್ಮ ತಮ್ಮ ಜೊತೆಗಾರರೊಡನೆ ಬೇರೆ ಬೇರೆಯಾಗಿ ಕೆಲಸ ಮಾಡಿ 1954ರಲ್ಲಿ ಇದನ್ನು ಪ್ರಕಟಿಸಿದರು. ಗುಂಡು ಕಲ್ಲು ನೆಲ ಬಿಟ್ಟು ಏಳುವಾಗ ತೊಡೆಯಲ್ಲಿ, ಬೆನ್ನಿನಲ್ಲಿ ಇಂಥ ಕೋಟಿ ಕೋಟಿ ಕೊಂಡಿಗಳು ಒಟ್ಟಿಗೆ ಜಗ್ಗುತ್ತಿರುತ್ತವೆ.

ಹೀಗೆ ಜಗ್ಗುವಾಗ ಎಳೆಯ ಮೇಲೆ ಬಿಗಿತ ಬೀಳುತ್ತದೆ. ಈ ಬಿಗಿತವೇ ಕಲ್ಲಿನ ಮಾತು. ಎಳೆ ಅದನ್ನು ಗುರುತಿಸಿ ತನ್ನೊಳಗೆ ರಾಸಾಯನಿಕ ಸಂದೇಶಗಳನ್ನು ಕಳಿಸುತ್ತದೆ, ಹೊಸ ಪ್ರೊಟೀನ್ ಕಟ್ಟುವ ಕೆಲಸಕ್ಕೆ ಚಾಲನೆ ಸಿಗುತ್ತದೆ. ಒಮ್ಮೆ ಚೆನ್ನಾಗಿ ಸಾಮು ಮಾಡಿದರೆ ಈ ಕೆಲಸ 24ರಿಂದ 48 ತಾಸು ಹೆಚ್ಚಿನ ವೇಗದಲ್ಲಿ ನಡೆಯುತ್ತದೆ. ಎಳೆಗಳ ಸಂಖ್ಯೆ ಹೆಚ್ಚುವುದಕ್ಕಿಂತ ಇದ್ದ ಎಳೆಗಳೇ ದಪ್ಪಗಾಗುತ್ತವೆ. ಎಳೆಯ ಹೊರಮೈಗೆ ಅಂಟಿಕೊಂಡ ಸಣ್ಣ ಕೋಶಗಳು ಬೇಕಾದಾಗ ಎಚ್ಚೆತ್ತು, ಎಳೆಯೊಂದಿಗೆ ಬೆರೆತು ಈ ಕಟ್ಟಡಕ್ಕೆ ಕೈಗೂಡಿಸುತ್ತವೆ. ಅವನ್ನು 1961ರಲ್ಲಿ ಅಲೆಕ್ಸಾಂಡರ್ ಮೌರೊ ಗುರುತಿಸಿದರು.

ಹುಡುಗರು ನನ್ನ ಹತ್ತಿರ ಬಂದು, “ಸರ್, ಮೈ ನೋಯಲಿಲ್ಲ, ಹಂಗಾರ ಇವತ್ತಿನ ಸಾಮು ದಂಡ ಆತೇನ್ರಿ?” ಎಂದು ಕೇಳುತ್ತಿದ್ದರು. ದಂಡ ಆಗಿಲ್ಲ. ಸ್ನಾಯು ಬೆಳೆಯಲು ಅದು ಹರಿಯಬೇಕಿಲ್ಲ, ನೋಯಲೂ ಬೇಕಿಲ್ಲ. ಹೊಸ ಸಾಮು ಮಾಡಿದ ಮಾರನೆಯ ದಿನ ಮೈ ನೋಯುವುದು ಸಹಜ. ಆದರೆ ಬೆಳವಣಿಗೆಯ ಅಳತೆಗೋಲು ನೋವಲ್ಲ.

ಮೊದಲು ಕಲಿಯುವುದು ನರ

ಗರಡಿಗೆ ಸೇರಿದ ಹುಡುಗ ಮೊದಲ ತಿಂಗಳಲ್ಲೇ ಮೊದಲಿಗಿಂತ ದೊಡ್ಡ ಕಲ್ಲು ಎತ್ತುತ್ತಾನೆ. ರಟ್ಟೆಯ ಸುತ್ತಳತೆ ತೆಗೆದರೆ ಇದ್ದಷ್ಟೇ ಇರುತ್ತದೆ. ಹಾಗಾದರೆ ಕಸುವು ಎಲ್ಲಿಂದ ಬಂತು?

ನರಗಳಿಂದ ಬಂತು. ಒಂದು ನರಕೋಶ ಹಲವಾರು ಎಳೆಗಳನ್ನು ಆಳುತ್ತದೆ. ಹಗುರ ಕೆಲಸಕ್ಕೆ ಮೆದುಳು ಸಣ್ಣ ಗುಂಪುಗಳನ್ನಷ್ಟೇ ಕರೆಯುತ್ತದೆ. ಭಾರ ಹೆಚ್ಚಿದಂತೆ ದೊಡ್ಡ ಗುಂಪುಗಳನ್ನು ಎಬ್ಬಿಸುತ್ತದೆ. ಸಾಮು ಮಾಡದವನ ಮೈಯಲ್ಲಿ ಆ ದೊಡ್ಡ ಗುಂಪುಗಳು ಪೂರ್ತಿ ಕೆಲಸಕ್ಕೆ ಇಳಿಯುವುದಿಲ್ಲ. ಅಭ್ಯಾಸವಾದಂತೆ ಅವೂ ಹೊತ್ತಿಗೆ ಸರಿಯಾಗಿ ಏಳುತ್ತವೆ, ಒಂದಕ್ಕೊಂದು ಅಡ್ಡ ಬರುವ ಸ್ನಾಯುಗಳು ಸುಮ್ಮನಿರುವುದನ್ನು ಕಲಿಯುತ್ತವೆ. ಮೊದಲ ಕೆಲವು ವಾರಗಳ ಕಸುವು ಬಹುಪಾಲು ನರಗಳ ಗಳಿಕೆ, ಸ್ನಾಯುವಿನ ದಪ್ಪ ಆಮೇಲಿನದು ಎಂದು ಮೊರಿಟಾನಿ ಮತ್ತು ಡಿವ್ರೀಸ್ 1979ರಲ್ಲಿ ತೋರಿಸಿದರು.

ಇದಕ್ಕೆ ಕಣ್ಣ ಮುಂದಿನ ಸಾಕ್ಷಿ ನಮ್ಮ ನಾಡಿನ ಗುರುರಾಜ ಪೂಜಾರಿ. ಕುಂದಾಪುರ ಕಡೆಯ ಈ ಲಾರಿ ಚಾಲಕರ ಮಗ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದ 56 ಕಿಲೊ ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕಿಲೊ ಎತ್ತಿ ಬೆಳ್ಳಿ ತಂದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೊ ವಿಭಾಗದಲ್ಲಿ 269 ಕಿಲೊ ಎತ್ತಿ ಕಂಚು ಗೆದ್ದರು. ತನ್ನ ತೂಕದ ಎರಡೂವರೆ ಪಟ್ಟು ಹತ್ತಿರದ ಭಾರವನ್ನು ತಲೆಯ ಮೇಲೆ ಹಿಡಿದು ನಿಲ್ಲುವುದು ಬರೀ ಮಾಂಸಖಂಡದ ಕೆಲಸವಲ್ಲ. ವರ್ಷಗಟ್ಟಲೆ ತಿದ್ದಿದ ನರ, ಕೀಲು, ಹೆಜ್ಜೆ ಎಲ್ಲ ಸೇರಿದ ವಿದ್ಯೆ ಅದು.

ಆ ವಿದ್ಯೆಯಲ್ಲಿ ಕಾಲಿನ ಪಾಲು ಎಷ್ಟೆಂಬುದನ್ನು ನಮ್ಮ ಶಿಲ್ಪಗಳೂ ಹೇಳುತ್ತವೆ. ಬಾದಾಮಿಯ ಎರಡನೆಯ, ಮೂರನೆಯ ಗುಹೆಗಳಲ್ಲಿ ಭೂದೇವಿಯನ್ನು ಅಂಗೈ ಮೇಲೆ ಎತ್ತಿ ನಿಂತ ವರಾಹನಿದ್ದಾನೆ. ಮೂರನೆಯ ಗುಹೆ ಚಾಲುಕ್ಯರ ಮಂಗಳೇಶ ಮಾಡಿಸಿದ್ದು, ಅಲ್ಲಿಯ ಶಾಸನದ ಪ್ರಕಾರ ಕ್ರಿ.ಶ. 578ರದ್ದು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ನಾನು ಅವರಿಗೆ ಆ ಮೂರ್ತಿಯ ಕೈ ನೋಡುವ ಮೊದಲು ಕಾಲು ನೋಡಿರಿ ಎನ್ನುತ್ತಿದ್ದೆ. ಭೂಮಿಯನ್ನೇ ಎತ್ತಿದವನ ಭಾರವೂ ಇಳಿಯುವುದು ಪಾದಕ್ಕೇ. ಆ ಕೆಂಪು ಮರಳುಗಲ್ಲನ್ನು ಕಡಿದ ಶಿಲ್ಪಿಗಳಿಗೆ ಭಾರ ಎತ್ತುವುದು ದಿನದ ಕೆಲಸವಾಗಿತ್ತು, ಮೈ ಹೇಗೆ ನಿಲ್ಲುತ್ತದೆಂಬುದು ಗೊತ್ತಿತ್ತು. ವಸ್ತಾದನೂ ಅದನ್ನೇ ಕಲಿಸುತ್ತಿದ್ದ: “ಕೈಲೆ ಎತ್ತಬ್ಯಾಡ, ಕಾಲಿಲೆ ಎತ್ತು.” ಮೊಣಕಾಲು ಬಾಗಲಿ, ಬೆನ್ನು ನೆಟ್ಟಗಿರಲಿ, ಭಾರ ಮೈಗೆ ಹತ್ತಿರ ಇರಲಿ ಎಂದು ಇವತ್ತಿನ ತರಬೇತುದಾರರು ಹೇಳುವುದು ಇದನ್ನೇ.

ಭಾರ ಏರಬೇಕು, ಮೆಟ್ಟಿಲು ಮೆಟ್ಟಿಲಾಗಿ

ಈಗ ಅಪ್ಪನ ವಿಷಯಕ್ಕೆ ಬರುತ್ತೇನೆ. ಅವನ ಬೆನ್ನ ಮೇಲಿನ ಚೀಲ ಮೊದಲ ದಿನ ಎಷ್ಟಿತ್ತೋ ಕಡೆಯ ದಿನವೂ ಅಷ್ಟೇ ಇತ್ತು: ಒಂದು ಕ್ವಿಂಟಲ್. ಮೊದಲ ವರ್ಷ ಆ ಭಾರ ಅವನ ಮೈಗೆ ಹೊಸದು, ಆಗ ಕಸುವು ಬೆಳೆದಿರಲೇಬೇಕು. ಒಗ್ಗಿದ ಮೇಲೆ ಆ ಚೀಲ ಹೊಸದೇನನ್ನೂ ಕೇಳಲಿಲ್ಲ. ಅದೇ ಭಾರ, ಅದೇ ಹಲಗೆ, ಅದೇ ಲಾರಿ, ದಿನಕ್ಕೆ ನೂರಾರು ಸಲ. ಅದರಿಂದ ಬೆಳೆದದ್ದು ದಣಿವು, ಸವೆದದ್ದು ಕೀಲು.

ಕಸುವಿನ ಮೊದಲ ನಿಯಮ ಭಾರ ಸ್ವಲ್ಪ ಸ್ವಲ್ಪವಾಗಿ ಏರುತ್ತಾ ಹೋಗಬೇಕು ಎಂಬುದು. ಗ್ರೀಕರಲ್ಲಿ ಕ್ರೋಟನ್ನಿನ ಮೈಲೊ ಎಂಬ ಜಟ್ಟಿಯ ಕಥೆ ಇದೆ: ಎಳೆಗರುವನ್ನು ದಿನವೂ ಹೊತ್ತು, ಅದು ಹೋರಿಯಾದಾಗ ಹೋರಿಯನ್ನೇ ಹೊತ್ತನಂತೆ. ಕಥೆಯ ತಿರುಳನ್ನು ವೈದ್ಯಕ್ಕೆ ತಂದವರು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್. ಎರಡನೆಯ ಮಹಾಯುದ್ಧದಲ್ಲಿ ಮೊಣಕಾಲು ಗಾಯಗೊಂಡ ಸೈನಿಕರಿಗೆ ಆಗ ಹಗುರ ವ್ಯಾಯಾಮವನ್ನೇ ಹೇಳುತ್ತಿದ್ದರು. ಡಿಲಾರ್ಮ್ ಆ ಸೈನಿಕರಿಗೆ ಭಾರ ಕೊಟ್ಟು, ವಾರ ವಾರ ಏರಿಸಿ, ಬೇಗ ಗುಣವಾಗುವುದನ್ನು ಕಂಡು 1945ರಲ್ಲಿ ಬರೆದರು. ಹತ್ತು ಸಲ ಮಾತ್ರ ಎತ್ತಬಲ್ಲ ಭಾರವನ್ನು ಗುರುತಿಸಿ, ಮೊದಲು ಅದರ ಅರ್ಧ, ಆಮೇಲೆ ಮುಕ್ಕಾಲು, ಕಡೆಗೆ ಪೂರ್ತಿ, ಹೀಗೆ ಹತ್ತು ಹತ್ತು ಸಲದ ಮೂರು ಸುತ್ತು ಎಂಬುದು ಆಮೇಲೆ ಅವರು ನೆಲೆಗೊಳಿಸಿದ ಕ್ರಮ. ಇವತ್ತಿನ ಜಿಮ್‌ಗಳ ಮೂರು ಸುತ್ತಿನ ಲೆಕ್ಕ ಅಲ್ಲಿಂದ ಬಂದದ್ದು.

ನಮ್ಮ ಗರಡಿಗೂ ಈ ಏರಿಕೆ ಗೊತ್ತಿತ್ತು. ಸಣ್ಣ ಗುಂಡು, ನಡುವಿನ ಗುಂಡು, ದೊಡ್ಡ ಗುಂಡು ಸಾಲಾಗಿ ಇರುತ್ತಿದ್ದವು. ಕಲ್ಲಿಗೆ ಒಂದು ತೊಡಕಿದೆ. ಇಳಕಲ್ ಗ್ರಾನೈಟಿನಲ್ಲಿ ಒಂದಡಿ ಅಡ್ಡಗಲದ ಗುಂಡು ಮಾಡಿಸಿದರೆ ಸುಮಾರು 40 ಕಿಲೊ ತೂಗುತ್ತದೆ. ಅಡ್ಡಗಲವನ್ನು ಬರೀ ಮೂರು ಇಂಚು ಹೆಚ್ಚಿಸಿರಿ, ತೂಕ ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ಕಣ್ಣಿಗೆ ಚೂರು ದೊಡ್ಡದು ಕಂಡ ಕಲ್ಲು ಮೈಗೆ ದೊಡ್ಡ ಜಿಗಿತ. ಆ ನಡುವಿನ ಕಂದಕ ದಾಟಿಸುವುದು ವಸ್ತಾದನ ಜಾಣತನವಾಗಿತ್ತು: ಸಣ್ಣ ಗುಂಡನ್ನೇ ಹೆಚ್ಚು ಸಲ ಎತ್ತಿಸುವುದು, ತೊಡೆಯ ಮೇಲೆ ತಡೆದು ನಿಲ್ಲಿಸುವುದು, ಎದೆಗೆ ಅವುಚಿಕೊಂಡು ಬಸ್ಕಿ ಹೊಡೆಸುವುದು. ಕಬ್ಬಿಣದ ಬಾರ್‌ಬೆಲ್ ನಮಗೆ ಕೊಟ್ಟ ದೊಡ್ಡ ಅನುಕೂಲ ಈ ಮೆಟ್ಟಿಲುಗಳನ್ನು ಸಣ್ಣದು ಮಾಡಿದ್ದು. ಎರಡೂ ಕಡೆ ಒಂದೂಕಾಲು ಕಿಲೊ ತಟ್ಟೆ ಏರಿಸಿದರೆ ಎರಡೂವರೆ ಕಿಲೊ ಏರಿಕೆ, ಅಷ್ಟೇ.

ಬರೀ ನೂರಾರು ದಂಡ, ಬಸ್ಕಿ ಹೊಡೆದರೆ ದಮ್ಮು ಬೆಳೆಯುತ್ತದೆ, ಕಸುವಿನ ಏರಿಕೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಹಗುರ ಭಾರವನ್ನೂ ಇನ್ನು ಆಗದು ಎನ್ನುವ ಹತ್ತಿರದವರೆಗೆ ಎತ್ತಿದರೆ ಸ್ನಾಯು ದಪ್ಪವಾಗುತ್ತದೆ, ಆದರೆ ದೊಡ್ಡ ಭಾರ ಎತ್ತುವ ಕಸುವು ದೊಡ್ಡ ಭಾರ ಎತ್ತಿದವನಿಗೇ ಹೆಚ್ಚು.

ಭಾರವನ್ನು ವಿದ್ಯೆಯಾಗಿ ಕಲಿಸಿದ ಕನ್ನಡಿಗರೊಬ್ಬರನ್ನು ಇಲ್ಲಿ ನೆನೆಯಬೇಕು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕೆ.ವಿ. ಅಯ್ಯರ್ ಅವರನ್ನು ನಾವು ಓದಿದ್ದೇವೆ. ಅವರೇ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಊರೂರಿನ ಯುವಕರಿಗೆ ಅಂಚೆಯ ಮೂಲಕ ಅಂಗಸಾಧನೆಯ ಪಾಠ ಕಳಿಸಿದವರು. ಪುಸ್ತಕ ಹಿಡಿಯುವ ಕೈ ಗುಂಡು ಹಿಡಿಯಬಾರದು ಎಂಬ ತಪ್ಪು ತಿಳಿವಳಿಕೆಯನ್ನು ಅವರ ಬದುಕು ಅಳಿಸಿಹಾಕಿತು.

ರೊಟ್ಟಿ ಏನು ಕೊಡುತ್ತದೆ

ಕಲ್ಲು ಕೇಳಿದ್ದನ್ನು ಕಟ್ಟಲು ಸಾಮಗ್ರಿ ಬೇಕು. ಆ ಸಾಮಗ್ರಿ ಪ್ರೊಟೀನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಪ್ರೌಢ ವಯಸ್ಸಿನವರಿಗೆ ದಿನಕ್ಕೆ ಮೈಯ ಒಂದು ಕಿಲೊ ತೂಕಕ್ಕೆ 0.83 ಗ್ರಾಂ ಬೇಕು. 60 ಕಿಲೊದವರಿಗೆ ಅದು ಸುಮಾರು 50 ಗ್ರಾಂ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಒಂದು ಕಿಲೊಗೆ 1.6 ಗ್ರಾಂವರೆಗೆ ಪ್ರಯೋಜನವಿದೆ ಎಂದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದವರು ಹೇಳುತ್ತಾರೆ.

ಇದಕ್ಕೆ ದುಬಾರಿ ಡಬ್ಬಿಯ ಪುಡಿಯೇ ಆಗಬೇಕಿಲ್ಲ. ನಮ್ಮ ಎರೆಹೊಲ ಏನು ಕೊಡುತ್ತದೆ ನೋಡಿರಿ. 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 30 ಗ್ರಾಂ ಪ್ರೊಟೀನ್, 100 ಗ್ರಾಂ ಹೆಸರುಕಾಳು ಅಥವಾ ಹುರುಳಿಯಲ್ಲಿ 22ರ ಆಚೀಚೆ, 50 ಗ್ರಾಂ ಶೇಂಗಾದ ಹಿಂಡಿಯಲ್ಲಿ 12, ಎರಡು ಗ್ಲಾಸು ಹಾಲಿನಲ್ಲಿ 13. ಕೂಡಿಸಿದರೆ 77. ಎರಡು ತತ್ತಿ ತಿನ್ನುವವರಿಗೆ ಇನ್ನೂ 12. ಜೋಳದ ಪ್ರೊಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ರೊಟ್ಟಿಯ ಜೊತೆಗೆ ಕಾಳುಪಲ್ಯ ಇಡುವ ನಮ್ಮ ಅವ್ವಂದಿರು ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿದರು. ಅಮೀನಗಡದ ಕರದಂಟು ದುಡಿಯುವ ಮೈಗೆ ಒಳ್ಳೆಯ ಇಂಧನ, ಸ್ನಾಯು ಕಟ್ಟುವ ಸಾಮಗ್ರಿಗೆ ಮಾತ್ರ ರೊಟ್ಟಿ, ಕಾಳುಗಳನ್ನೇ ನಂಬಬೇಕು.

ಬೇಗ ಮೈ ಬರಲೆಂದು ಯಾರೋ ಕೊಟ್ಟ ಹಾರ್ಮೋನ್ ಚುಚ್ಚುಮದ್ದು ತೆಗೆದುಕೊಳ್ಳುವ ಹುಡುಗರಿಗೆ ಈ ವೇದಿಕೆಯಿಂದ ಕೈಮುಗಿದು ಹೇಳುತ್ತೇನೆ: ಬೇಡ. ಅದು ಹೃದಯ, ಯಕೃತ್ತು, ಸಂತಾನಶಕ್ತಿ ಎಲ್ಲಕ್ಕೂ ಕೈ ಹಾಕುತ್ತದೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ಚಟಗಳನ್ನೇ ಭಿಕ್ಷೆ ಬೇಡಿದರು. ಆ ಜೋಳಿಗೆಗೆ ನೀವು ಈ ಸೂಜಿಯನ್ನೂ ಹಾಕಬೇಕು.

ಇನ್ನು ನನ್ನ ಅಪ್ಪನ ಬುತ್ತಿ. ಅದರಲ್ಲಿ ಇರುತ್ತಿದ್ದದ್ದು ರೊಟ್ಟಿ, ಕೆಂಪು ಖಾರ, ಒಂದು ಉಳ್ಳಾಗಡ್ಡಿ. ಕಾಳಿನ ಪಲ್ಯ ಮಕ್ಕಳಿಗೆ ಸಾಲಲಿ ಎಂದು ಅವನು ಬಿಟ್ಟು ಹೋಗುತ್ತಿದ್ದ. ಮಧ್ಯಾಹ್ನದ ಹಸಿವನ್ನು ಚಹಾದಲ್ಲಿ ಕಳೆಯುತ್ತಿದ್ದ. ನನ್ನ ಮೈಯಲ್ಲಿ ಇವತ್ತು ಇರುವ ಕಸುವಿನಲ್ಲಿ ಅವನು ತಿನ್ನದೆ ಬಿಟ್ಟ ಆ ಕಾಳುಗಳಿವೆ.

ಬಿಡುವು ಎಂಬ ಕೆಲಸ

ಒಮ್ಮೆ ದೊಡ್ಡ ಗುಂಡು ಎತ್ತಿದ ಹುಡುಗನಿಗೆ ವಸ್ತಾದ ಮಾರನೆಯ ದಿನ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. “ನಾಳೆ ಬಿಡು, ನಾಡಿದ್ದ ಬಾ” ಎನ್ನುತ್ತಿದ್ದ. ಪ್ರೊಟೀನ್ ಕಟ್ಟುವ ಕೆಲಸ 48 ತಾಸಿನವರೆಗೂ ನಡೆಯುತ್ತದೆಂದು ಹೇಳಿದೆನಲ್ಲ, ಆತನ ನಾಡಿದ್ದು ಆ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ಎರೆಹೊಲದ ರೈತನಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಮುಂಗಾರಿಯಲ್ಲಿ ಹೊಲವನ್ನು ಖಾಲಿ ಬಿಟ್ಟು, ಹರಗಿ, ಮಳೆಯ ಹಸಿಯನ್ನು ಒಳಗೆ ಕೂಡಿಟ್ಟು, ಹಿಂಗಾರಿಗೆ ಬಿಳಿಜೋಳ, ಕಡಲೆ ಬಿತ್ತುವವನು ಅವನು. ಖಾಲಿ ಬಿಟ್ಟ ಹೊಲ ಸುಮ್ಮನಿಲ್ಲ ಎಂಬುದು ಅವನಿಗೆ ಗೊತ್ತು.

ಅಪ್ಪನಿಗೆ ನಾಡಿದ್ದು ಎಂಬುದೇ ಇರಲಿಲ್ಲ. ಸುಗ್ಗಿಯಲ್ಲಿ ರಾತ್ರಿಯೂ ಲಾರಿ ತುಂಬಬೇಕು, ಒಂದು ದಿನ ಹೋಗದಿದ್ದರೆ ಒಂದು ದಿನದ ಕೂಲಿ ಇಲ್ಲ. ಮೈ ಕಟ್ಟಿಕೊಳ್ಳಲು ಶುರು ಮಾಡುವ ಮುಂಚೆಯೇ ಮತ್ತೆ ಚೀಲ ಬೀಳುತ್ತಿತ್ತು.

ಇಬ್ಬರ ಪ್ರಶ್ನೆಗೆ ಉತ್ತರ ಇದು. ವಸ್ತಾದನಿಗೆ ಏರುವ ಭಾರ, ಹೊಟ್ಟೆ ತುಂಬ ಅನ್ನ, ಬಿಡುವು ಮೂರೂ ಇದ್ದವು. ಅಪ್ಪನಿಗೆ ಇದ್ದದ್ದು ಭಾರವೊಂದೇ. ಮೂರೂ ಕೂಡಿದರೆ ಸಾಮು, ಭಾರವೊಂದೇ ಆದರೆ ಸವೆತ.

ಕಸುವು ಎಲ್ಲರದು

ಮೂವತ್ತರ ನಂತರ ಹತ್ತು ವರ್ಷಕ್ಕೆ ಶೇಕಡ 3ರಿಂದ 8ರಷ್ಟು ಸ್ನಾಯು ಕರಗುತ್ತಾ ಹೋಗುತ್ತದೆ, ಅರವತ್ತು ದಾಟಿದ ಮೇಲೆ ಇನ್ನೂ ಬೇಗ. ವಯಸ್ಸಾಯಿತು, ಇನ್ನೇನು ಎಂದು ಕೂರುವವರಿಗೆ 1990ರ ಒಂದು ಪ್ರಯೋಗ ಹೇಳುತ್ತೇನೆ. ಬಾಸ್ಟನ್ನಿನಲ್ಲಿ ಆರೈಕೆ ಕೇಂದ್ರವೊಂದರ ಹತ್ತು ಮಂದಿ ವೃದ್ಧರಿಗೆ ಮರಿಯಾ ಫಿಯಾಟರೋನ್ ಮತ್ತು ಜೊತೆಗಾರರು ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅವರ ಸರಾಸರಿ ವಯಸ್ಸು 90. ಪೂರೈಸಿದ ಒಂಬತ್ತು ಮಂದಿಯ ಕಾಲಿನ ಕಸುವು ಸರಾಸರಿ ಶೇಕಡ 174 ಹೆಚ್ಚಿತ್ತು. ತೊಂಬತ್ತರಲ್ಲೂ ಸ್ನಾಯು ಕಲ್ಲಿನ ಮಾತು ಕೇಳಿಸಿಕೊಳ್ಳುತ್ತದೆ.

ಸ್ನಾಯು ಬರೀ ಎತ್ತುವುದಕ್ಕಲ್ಲ. ಉಂಡ ಅನ್ನದ ಸಕ್ಕರೆಯನ್ನು ರಕ್ತದಿಂದ ಎಳೆದುಕೊಂಡು ಇಟ್ಟುಕೊಳ್ಳುವ ದೊಡ್ಡ ಹಗೇವು ಅದು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಭಾರ ಎತ್ತಿದರೆ ಎಲುಬೂ ಗಟ್ಟಿಯಾಗುತ್ತದೆ, ಮುಟ್ಟು ನಿಂತ ಹೆಣ್ಣುಮಕ್ಕಳಿಗೆ ಇದು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಎಲ್ಲ ಪ್ರೌಢರಿಗೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಹೇಳಿದೆ.

ಅಪ್ಪ ತೀರಿಕೊಂಡಾಗ ಅವ್ವನಿಗೆ ಅರವತ್ತೆಂಟು. ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಅವಳಿಗೆ ವಾರಕ್ಕೆ ಎರಡು ದಿನ ಮಾಡಿಸಿದೆ. ಮೊದಲು ಐದು ಸಲ, ಆಮೇಲೆ ಹತ್ತು. ಹತ್ತು ಹಗುರಾದ ಮೇಲೆ ಎದೆಗೆ ಅವುಚಿಕೊಳ್ಳಲು ಎರಡು ಸೇರು ಜೋಳದ ಗಂಟು ಕೊಟ್ಟೆ. ಇನ್ನೂ ಒಂದೆರಡು ಸಲ ಆದೀತು ಅನ್ನುವಾಗಲೇ ನಿಲ್ಲಿಸುತ್ತಿದ್ದೆ, ಉಸಿರು ಬಿಗಿ ಹಿಡಿಯಲು ಬಿಡುತ್ತಿರಲಿಲ್ಲ. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಮುಂದಿನ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಅವ್ವ ಹೊಂಡದ ಮೆಟ್ಟಿಲು ಇಳಿದು, ನನ್ನ ಕೈ ಹಿಡಿಯದೆ ಹತ್ತಿ ಬಂದಳು.

ಬಂಧುಗಳೇ, ನನ್ನದು ಎರಡು ಬೇಡಿಕೆ. ಒಂದು, ನಮ್ಮ ಗರಡಿಗಳ ಬಾಗಿಲು ಹೆಣ್ಣುಮಕ್ಕಳಿಗೂ ಮುದುಕರಿಗೂ ತೆರೆಯಲಿ. ಕಲ್ಲಿಗೆ ಕೇಳಲು ಗೊತ್ತಿರುವುದು ಎಷ್ಟು ಎತ್ತುತ್ತಿ ಎಂಬುದೊಂದೇ, ಯಾರು ನೀನು ಎಂದು ಅದು ಕೇಳುವುದಿಲ್ಲ. ಎರಡು, ಬಾಗಲಕೋಟೆಯ ಸಿಮೆಂಟಿನ ಚೀಲ, ಪೇಟೆಯ ಕಾಳಿನ ಚೀಲ, ಇಳಕಲ್ಲಿನ ಗಣಿಯ ಕಲ್ಲು ಎತ್ತುವವರ ಕಡೆ ನೋಡಿರಿ. ಒಬ್ಬ ಗಂಡಾಳಿನ ಮೇಲೆ 55 ಕಿಲೊಗಿಂತ ಹೆಚ್ಚು ಹೊರಿಸುವುದನ್ನು ತಗ್ಗಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಹೇಳಿತು. ಅಪ್ಪನ ಬೆನ್ನ ಮೇಲೆ ಅದರ ಇಮ್ಮಡಿಯ ಹತ್ತಿರ ಇತ್ತು. ಭಾರ ತಗ್ಗಲಿ, ಮಧ್ಯಾಹ್ನದ ಬುತ್ತಿಯಲ್ಲಿ ಕಾಳು ಇರಲಿ, ವಾರಕ್ಕೊಂದು ದಿನ ಕೂಲಿ ಕಡಿಯದ ಬಿಡುವು ಸಿಗಲಿ.

ಬಸವಣ್ಣನವರು ಐಕ್ಯರಾದ ಕೂಡಲಸಂಗಮ ಇಲ್ಲಿಂದ ದೂರವಿಲ್ಲ. ಕಾಯಕವನ್ನು ಎತ್ತರಕ್ಕೆ ಏರಿಸಿದ ನಾಡು ನಮ್ಮದು. ಕಾಯಕ ಮಾಡುವ ಕಾಯಕ್ಕೆ ಕೊಡಬೇಕಾದದ್ದನ್ನು ನಾವು ಕೊಟ್ಟಿಲ್ಲ. ಕಲ್ಲು ಕೇಳುವುದನ್ನು ಕೇಳಿಯೇ ಕೇಳುತ್ತದೆ. ರೊಟ್ಟಿ, ನಿದ್ದೆ ಕೊಡಬೇಕಾದವರು ನಾವು.